ಮಾಲ್ಡೀವ್ಸ್‌ನ ಪುಟ್ಟ ಮಕ್ಕಳಲ್ಲಿ ರಕ್ತಹೀನತೆ: ನಂಬಬಹುದಾದ ಅಂಕಿ ತೆಗೆಯುವುದು ಹೇಗೆ

ಮಾಲ್ಡೀವ್ಸ್‌ನಲ್ಲಿ 2016–17ರಲ್ಲಿ ನಡೆದ ಜನಸಂಖ್ಯಾ ಮತ್ತು ಆರೋಗ್ಯ ಸಮೀಕ್ಷೆಯ ಪ್ರಕಾರ 6ರಿಂದ 59 ತಿಂಗಳ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ 40% ಮುಟ್ಟಿದರೇ ಅದು ತೀವ್ರ ಸಾರ್ವಜನಿಕ ಆರೋಗ್ಯ ಸಮಸ್ಯೆ. ಇಂಥ ಅಂಕಿ ಕಂಡ ಕೂಡಲೇ ಕಬ್ಬಿಣಾಂಶದ ಸಿರಪ್ ಹಂಚುವ ಯೋಜನೆ ಶುರುವಾಗುತ್ತದೆ. ಅದಕ್ಕೂ ಮೊದಲು ಕೇಳಲೇಬೇಕಾದ ಎರಡು ಪ್ರಶ್ನೆಗಳಿವೆ. ಆ ರಕ್ತದ ಹನಿಯನ್ನು ಸರಿಯಾಗಿ ತೆಗೆದಿದ್ದರೇ? ರಕ್ತ ಕಡಿಮೆ ಇರುವ ಮಕ್ಕಳಲ್ಲಿ ಎಷ್ಟು ಮಂದಿಗೆ ಕಬ್ಬಿಣಾಂಶದ ಕೊರತೆ, ಎಷ್ಟು ಮಂದಿಗೆ ಹೆತ್ತವರಿಂದ ಬರುವ ರಕ್ತದ ಕಾಯಿಲೆ ಥಲಸ್ಸೇಮಿಯಾ? ಮಾಲ್ಡೀವ್ಸ್‌ನಲ್ಲಿ ಎರಡನೇ ಪ್ರಶ್ನೆಯನ್ನು ಬಿಡುವಂತೆಯೇ ಇಲ್ಲ. ಬೀಟಾ ಥಲಸ್ಸೇಮಿಯಾ ವಾಹಕರ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿರುವ ದೇಶಗಳಲ್ಲಿ ಅದೂ ಒಂದು. ಅಲ್ಲಿ ಸರಿಸುಮಾರು ಆರು ಜನರಲ್ಲಿ ಒಬ್ಬರು ವಾಹಕರು, ಅಂದರೆ ದೋಷವಿರುವ ಒಂದು ಜೀನ್ ಹೊತ್ತವರು.

ದಕ್ಷಿಣ ಭಾರತದಿಂದ ಮಾಲ್ಡೀವ್ಸ್‌ನ ಆಸ್ಪತ್ರೆಗಳಿಗೆ ನರ್ಸ್, ಲ್ಯಾಬ್ ಟೆಕ್ನಿಶಿಯನ್ ಆಗಿ ಹೋಗುವವರು ಬಹಳ. ಒಂದು ದ್ವೀಪದ ಆರೋಗ್ಯ ಕೇಂದ್ರದಲ್ಲಿ ಕೂತು ಮಕ್ಕಳ ಹಿಮೋಗ್ಲೋಬಿನ್ ಸಮೀಕ್ಷೆ ಮಾಡಬೇಕಾಗಿ ಬಂದವರಿಗೂ, ಸಾರ್ವಜನಿಕ ಆರೋಗ್ಯ ಓದುತ್ತಿರುವವರಿಗೂ ಈ ಬರಹ. ಬೆರಳು ಚುಚ್ಚುವ ಭಾಗವಂತೂ ನಮ್ಮೂರಿನ ಅಂಗನವಾಡಿಯಲ್ಲೂ ಹಾಗೇ ಅನ್ವಯಿಸುತ್ತದೆ.

ಎಷ್ಟು ಮಕ್ಕಳನ್ನು ಪರೀಕ್ಷಿಸಬೇಕು

ಪ್ರಮಾಣ 50% ಇರಬಹುದೆಂದು ಊಹಿಸಿ, 5 ಅಂಶ ಆಚೀಚೆಯಷ್ಟು ನಿಖರತೆ ಬೇಕೆಂದರೆ ದೊಡ್ಡ ಜನಸಂಖ್ಯೆಯಲ್ಲಿ 384 ಮಕ್ಕಳು ಬೇಕು. ದ್ವೀಪಗಳಲ್ಲಿ ಈ ಸಂಖ್ಯೆಯನ್ನು ಹಾಗೇ ಎತ್ತಿಕೊಳ್ಳಬೇಡಿ. ಒಂದು ಅಟೋಲ್‌ನಲ್ಲಿ, ಅಂದರೆ ಒಂದು ದ್ವೀಪಸಮೂಹದಲ್ಲಿ, ಆ ವಯಸ್ಸಿನ ಮಕ್ಕಳು ಒಟ್ಟು 600 ಇದ್ದರೆ ಲೆಕ್ಕ ಹೀಗೆ: 384 ÷ (1 + 383/600) = ಸುಮಾರು 234. ಎಲ್ಲ ದ್ವೀಪಗಳಿಗೂ ಹೋಗದೆ ಕೆಲವನ್ನು ಮಾತ್ರ ಆರಿಸಿಕೊಳ್ಳುವುದಾದರೆ, ಒಂದೇ ದ್ವೀಪದ ಮಕ್ಕಳ ಊಟ, ನೀರು, ಕುಟುಂಬ ಸಂಬಂಧ ಎಲ್ಲ ಒಂದೇ ತೆರನಾಗಿರುವುದರಿಂದ ಅದನ್ನು 1.5ರಿಂದ ಗುಣಿಸಿ: 351. ಮನೆಯಲ್ಲಿ ಇಲ್ಲದವರು, ಒಪ್ಪದವರು ಎಂದು ಹತ್ತು ಪ್ರತಿಶತ ಸೇರಿಸಿದರೆ 390ರ ಹತ್ತಿರ.

ಒಂದೇ ದ್ವೀಪದಲ್ಲಿ 60 ಮಕ್ಕಳಿದ್ದರೆ ಇದೇ ಸೂತ್ರ 52 ಎನ್ನುತ್ತದೆ. ಆಗ ಮಾದರಿ ಆರಿಸುವ ಗೋಜೇ ಬೇಡ, 60 ಮಕ್ಕಳನ್ನೂ ಪರೀಕ್ಷಿಸಿ. ಆಮೇಲೂ ಆ ದ್ವೀಪದ ಅಂಕಿಯನ್ನು ಪಕ್ಕದ ದ್ವೀಪದ ಅಂಕಿಯ ಜೊತೆ ಹೋಲಿಸಿ ಶಹಬ್ಬಾಸ್‌ಗಿರಿ ಕೊಡುವುದು, ಬೈಯುವುದು ಎರಡೂ ತಪ್ಪು. 60 ಮಕ್ಕಳಿರುವ ಕಡೆ ಒಂದು ಮಗುವಿನ ಫಲಿತಾಂಶ ಬದಲಾದರೆ ಪ್ರಮಾಣ 1.7 ಅಂಶ ಜಿಗಿಯುತ್ತದೆ. ದ್ವೀಪದ ಪಟ್ಟಿ ಚಿಕಿತ್ಸೆಗೆ ಬೇಕು. ಪ್ರಮಾಣವನ್ನು ಪ್ರಕಟಿಸುವುದು ಅಟೋಲ್ ಮಟ್ಟದಲ್ಲಿ ಇರಲಿ.

ಮಕ್ಕಳ ಪಟ್ಟಿಯನ್ನು ಆರೋಗ್ಯ ಕೇಂದ್ರದ ಲಸಿಕೆ ದಾಖಲೆಯಿಂದ ತೆಗೆದು ದ್ವೀಪ ಕೌನ್ಸಿಲ್‌ನ ಪಟ್ಟಿಯ ಜೊತೆ ತಾಳೆ ನೋಡಿ. ಹೆಸರು ದ್ವೀಪದಲ್ಲಿದ್ದು ಕುಟುಂಬ ರಾಜಧಾನಿ ಮಾಲೆಯಲ್ಲಿ ಬಾಡಿಗೆ ಮನೆಯಲ್ಲಿರುವುದು ತೀರಾ ಸಾಮಾನ್ಯ. ಜನ್ಮದಿನಾಂಕವನ್ನು ಮಗುವಿನ ಆರೋಗ್ಯ ಕಾರ್ಡಿನಿಂದಲೇ ಬರೆದುಕೊಳ್ಳಿ. "ಎರಡು ವರ್ಷ ಇರಬೇಕು" ಎಂಬ ಮಾತಿನ ಮೇಲೆ ವಯಸ್ಸು ಬರೆದರೆ ಮುಂದೆ ರಕ್ತಹೀನತೆ ಗುರುತಿಸುವ ಗಡಿಸಂಖ್ಯೆಯೇ ತಪ್ಪಾಗುತ್ತದೆ, ಏಕೆಂದರೆ 23 ತಿಂಗಳಿಗೂ 24 ತಿಂಗಳಿಗೂ ಈಗ ಬೇರೆ ಬೇರೆ ಗಡಿ.

ಸಮಯದ ವಿಷಯ: ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಈಶಾನ್ಯ ಮಾರುತದ ಕಾಲದಲ್ಲಿ ಕಡಲು ಶಾಂತ. ಮೇ ನಂತರ ನೈಋತ್ಯ ಮಾರುತದಲ್ಲಿ ದೋಣಿ ಯಾವ ದಿನ ಹೊರಡುತ್ತದೆ ಎಂದು ಹೇಳಲಾಗದು, ರಕ್ತದ ಮಾದರಿ ದ್ವೀಪದಲ್ಲೇ ಉಳಿದು ಕೆಡುತ್ತದೆ. ಶುಕ್ರವಾರ, ಶನಿವಾರ ವಾರದ ರಜೆ. ರಂಜಾನ್ ತಿಂಗಳಲ್ಲಿ ಮನೆಗಳ ದಿನಚರಿಯೇ ಬದಲಾಗುವುದರಿಂದ ಆಗ ಬೇಡ.

ಬೆರಳಿನ ಹನಿ

ಇಡೀ ಸಮೀಕ್ಷೆ ನಿಲ್ಲುವುದು, ಬೀಳುವುದು ಇಲ್ಲೇ. ಸಾಧ್ಯವಿದ್ದಲ್ಲೆಲ್ಲ ರಕ್ತನಾಳದಿಂದ ರಕ್ತ ತೆಗೆದು ಆಸ್ಪತ್ರೆಯ ಸ್ವಯಂಚಾಲಿತ ಯಂತ್ರದಲ್ಲಿ ಅಳೆಯಿರಿ ಎಂದೇ ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುತ್ತದೆ. ಭಾರತದ ಅನುಭವವೂ ಅದನ್ನೇ ತೋರಿಸಿದೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೆರಳಿನ ಹನಿಯಿಂದ ಅಳೆದಾಗ 6–59 ತಿಂಗಳ ಮಕ್ಕಳಲ್ಲಿ ಸುಮಾರು 59% ಬಂತು. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ರಕ್ತನಾಳದ ರಕ್ತದಿಂದ ಅಳೆದಾಗ 1–4 ವರ್ಷದವರಲ್ಲಿ ಸುಮಾರು 41%. ವಯೋಮಿತಿಯ ವ್ಯತ್ಯಾಸವೂ ಇದೆ, ನಿಜ. ಆದರೆ ಇಷ್ಟು ದೊಡ್ಡ ಅಂತರಕ್ಕೆ ವಯಸ್ಸೊಂದೇ ಕಾರಣವಾಗಲಾರದು.

ಆದರೂ ಮನೆ ಮನೆಗೆ ಹೋಗುವಾಗ ಬೆರಳಿನ ಹನಿಯೇ ಗತಿ. ಹಾಗಿದ್ದರೆ ಅದನ್ನು ಹೀಗೆ ತೆಗೆಯಿರಿ.

ಮಗು ತಾಯಿಯ ಮಡಿಲಲ್ಲಿ ಕೂತಿರಲಿ, ಒಂದು ಕೈಯನ್ನು ತಾಯಿ ತಬ್ಬಿ ಹಿಡಿಯಲಿ, ಇನ್ನೊಂದು ನಿಮ್ಮ ಕೈಯಲ್ಲಿ. ಮಧ್ಯದ ಬೆರಳು ಅಥವಾ ಉಂಗುರದ ಬೆರಳು. ಇನ್ನೂ ವರ್ಷ ತುಂಬದ, ಬೆರಳು ತೀರಾ ಸಣಕಲಾಗಿರುವ ಕೂಸಿಗೆ ಹಿಮ್ಮಡಿಯ ಪಕ್ಕ ಒಳ್ಳೆಯದು. ಕೈ ತಣ್ಣಗಿದ್ದರೆ ಚುಚ್ಚಬೇಡಿ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಒಂದೆರಡು ನಿಮಿಷ ಸುತ್ತಿಡಿ. ಫ್ಯಾನಿನ ಕೆಳಗೆ, ಎಸಿ ಕೋಣೆಯಲ್ಲಿ ಕೂತ ಮಕ್ಕಳ ಬೆರಳು ತಣ್ಣಗಿರುತ್ತದೆ. ರಕ್ತ ಬರುವುದಿಲ್ಲ, ಆಗ ಹಿಂಡುವ ಆಸೆಯಾಗುತ್ತದೆ, ಅಲ್ಲಿಂದಲೇ ತಪ್ಪು ಶುರು.

70% ಆಲ್ಕೋಹಾಲ್ ಸ್ವ್ಯಾಬ್‌ನಿಂದ ಒರೆಸಿ, 30 ಸೆಕೆಂಡ್ ತಾನಾಗಿ ಒಣಗಲು ಬಿಡಿ. ಊದಬೇಡಿ. ಒಣಗದ ಆಲ್ಕೋಹಾಲ್ ರಕ್ತಕ್ಕೆ ಬೆರೆತರೆ ಕೆಂಪು ಕಣ ಒಡೆಯುತ್ತದೆ, ಹನಿ ನಿಲ್ಲದೆ ಹರಡುತ್ತದೆ. ತಾನಾಗಿ ಹಿಂದೆ ಸರಿಯುವ ಲ್ಯಾನ್ಸೆಟ್ ಬಳಸಿ. ಪುಟ್ಟ ಮಕ್ಕಳ ಬೆರಳಿಗೆ ಆಳ 1.5 ಮಿಲಿಮೀಟರ್ ಮೀರಬಾರದು, ಹಿಮ್ಮಡಿಗೆ 2.4 ಮೀರಬಾರದು. ಬೆರಳಿನ ತುತ್ತತುದಿಗೂ ಅಲ್ಲ, ತೀರಾ ಅಂಚಿಗೂ ಅಲ್ಲ, ಮೆತ್ತನೆಯ ಭಾಗದ ಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ಲ್ಯಾನ್ಸೆಟ್ಟನ್ನು ಗಟ್ಟಿಯಾಗಿ ಒತ್ತಿ ಹಿಡಿದು ಚುಚ್ಚಿ. ಮಗುವಿನ ಮೇಲಿನ ಕರುಣೆಯಿಂದ ಮೆಲ್ಲಗೆ ತಾಗಿಸಿ ಚುಚ್ಚಿದರೆ ರಕ್ತ ಸಾಲದೆ ಎರಡನೇ ಸಲ ಚುಚ್ಚಬೇಕಾಗುತ್ತದೆ. ನಿಜವಾದ ನೋವು ಅದೇ.

ಮೊದಲ ಎರಡು ಹನಿಗಳನ್ನು ಒಣ ಗಾಜ್ ತುಂಡಿನಿಂದ ಒರೆಸಿ ತೆಗೆಯಿರಿ. ಅಳೆಯುವುದು ಮೂರನೇ ಹನಿ. ಮೊದಲ ಹನಿಯಲ್ಲಿ ಗಾಯದ ಸುತ್ತಲಿನ ಅಂಗಾಂಶ ದ್ರವ ಬೆರೆತಿರುತ್ತದೆ. ಬೆರಳನ್ನು ಬುಡದಿಂದ ತುದಿಗೆ ಹಾಲು ಕರೆದಂತೆ ಹಿಂಡಿದರೂ ಅದೇ ದ್ರವ ಹೊರಬಂದು ಹಿಮೋಗ್ಲೋಬಿನ್ ಕಡಿಮೆ ತೋರಿಸುತ್ತದೆ. ಕೈಯನ್ನು ಎದೆಗಿಂತ ಕೆಳಗೆ ಇಳಿಸಿ, ಬೆರಳಿನ ಬುಡವನ್ನು ಹಗುರವಾಗಿ ಒತ್ತಿ ಬಿಡಿ, ಒತ್ತಿ ಬಿಡಿ, ಅಷ್ಟೇ. ಹನಿ ದುಂಡಗೆ ತುಂಬಿ ನಿಲ್ಲುವವರೆಗೆ ಕಾದು, ಕ್ಯುವೆಟ್ಟಿನ (ರಕ್ತ ತುಂಬಿ ಯಂತ್ರಕ್ಕೆ ಹಾಕುವ ಪುಟ್ಟ ಪ್ಲಾಸ್ಟಿಕ್ ತುಂಡು) ಮೊನೆಯನ್ನು ಹನಿಯ ಒಳಗಿಟ್ಟು ಒಂದೇ ಸಲಕ್ಕೆ ತುಂಬಿಸಿ. ಅದಕ್ಕೆ ಬೇಕಾಗುವುದು ಸುಮಾರು 10 ಮೈಕ್ರೋಲೀಟರ್ ಮಾತ್ರ. ಅರ್ಧ ತುಂಬಿ ನಿಂತರೆ ಇನ್ನೊಂದು ಹನಿ ಸೇರಿಸಬೇಡಿ, ಹೊಸ ಕ್ಯುವೆಟ್ ತೆಗೆಯಿರಿ. ಹೊರಗೆ ಮೆತ್ತಿದ ರಕ್ತವನ್ನು ಒರೆಸುವಾಗ ಗಾಜ್ ತುಂಡು ತೆರೆದ ಅಂಚಿಗೆ ತಾಗಿದರೆ ಒಳಗಿನ ರಕ್ತವನ್ನೂ ಹೀರಿಕೊಳ್ಳುತ್ತದೆ. ಬೆಳಕಿಗೆ ಹಿಡಿದು ನಡುವಿನ ಕಣ್ಣಿನಂಥ ಜಾಗದಲ್ಲಿ ಗಾಳಿಗುಳ್ಳೆ ಇದೆಯೇ ನೋಡಿ. ಇದ್ದರೆ ಎಸೆಯಿರಿ.

ಇಷ್ಟೊಂದು ಕಟ್ಟುನಿಟ್ಟು ಏಕೆಂದು ಲೆಕ್ಕವೇ ಹೇಳುತ್ತದೆ. ಮಕ್ಕಳ ಸರಾಸರಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11.2 ಗ್ರಾಂ, ಹರಡಿಕೆ (ಸ್ಟ್ಯಾಂಡರ್ಡ್ ಡೀವಿಯೇಷನ್) 1.2 ಇದೆಯೆನ್ನಿ. 11ಕ್ಕಿಂತ ಕೆಳಗೆ ಬರುವವರು ಸುಮಾರು 43%. ಹಿಂಡುವ ಅಭ್ಯಾಸದಿಂದ ಎಲ್ಲರದ್ದೂ ಅರ್ಧ ಗ್ರಾಂ ಕಡಿಮೆ ಬಂದರೆ ಅದು 60% ಆಗುತ್ತದೆ. ಒಂದೇ ಒಂದು ಮಗುವಿನ ಆರೋಗ್ಯವೂ ಕೆಡದೆ ಪ್ರಮಾಣ ಮಾತ್ರ 17 ಅಂಶ ಏರಿತು.

ಯಂತ್ರ ಮತ್ತು ಕಡಲಿನ ತೇವ

ಹಿಮೋಗ್ಲೋಬಿನ್ ಅಳೆಯುವ ಪುಟ್ಟ ಯಂತ್ರಗಳಲ್ಲಿ ಹೆಚ್ಚಾಗಿ ಸಿಗುವುದು ಹಿಮೋಕ್ಯೂ. ಅದರ ಎರಡು ಮಾದರಿಗಳ ವ್ಯತ್ಯಾಸ ದ್ವೀಪದಲ್ಲಿ ದೊಡ್ಡದು. 201+ ಮಾದರಿಯ ಕ್ಯುವೆಟ್ಟಿನ ಒಳಗೆ ಒಣ ರಾಸಾಯನಿಕ ಲೇಪವಿದೆ, ಅದು ಗಾಳಿಯ ತೇವ ಹೀರುತ್ತದೆ. ವರ್ಷವಿಡೀ ಬೆವರು ಆರದ ಹವೆಯಲ್ಲಿ ಡಬ್ಬಿಯ ಮುಚ್ಚಳ ಹತ್ತು ನಿಮಿಷ ತೆರೆದಿಟ್ಟರೂ ಫಲಿತಾಂಶ ಕೆಡಬಹುದು. ಒಂದು ಕ್ಯುವೆಟ್ ತೆಗೆದ ಕೂಡಲೇ ಮುಚ್ಚಿ. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೇ ಬರೆದು ಮೂರು ತಿಂಗಳಿಗೆ ಎಸೆಯಿರಿ. 301 ಮಾದರಿಯಲ್ಲಿ ರಾಸಾಯನಿಕವೇ ಇಲ್ಲ, ಅದರ ಕ್ಯುವೆಟ್‌ಗಳು 10ರಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತವೆ. ಹೊಸದಾಗಿ ಕೊಳ್ಳುವುದಾದರೆ ಇಲ್ಲಿಗೆ 301 ಮಾದರಿಯೇ ಸರಿ. ಆದರೆ ಒಂದು ಎಚ್ಚರ: 201+ನಲ್ಲಿ ತುಂಬಿದ ಕ್ಯುವೆಟ್ಟನ್ನು ಹತ್ತು ನಿಮಿಷದೊಳಗೆ ಓದಿಸಿದರೆ ಸಾಕು, 301ರಲ್ಲಿ 40 ಸೆಕೆಂಡಿನೊಳಗೆ ಓದಿಸಬೇಕು. ಹಳೆಯ ಯಂತ್ರದ ಅಭ್ಯಾಸದವರು ಮೊದಲು ಮಗುವಿಗೆ ಹತ್ತಿ ಒತ್ತಿ, ತಾಯಿಯ ಜೊತೆ ಮಾತಾಡಿ ಆಮೇಲೆ ಯಂತ್ರದತ್ತ ತಿರುಗುತ್ತಾರೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಇಬ್ಬರು ಸೇರಿ ಕೆಲಸ ಮಾಡಿ: ಒಬ್ಬರು ಮಗುವಿನ ಕಡೆ, ಒಬ್ಬರು ಯಂತ್ರದ ಕಡೆ.

ಯಂತ್ರ ಸರಿಯಿದೆಯೇ ಎಂದು ನೋಡುವ, ಅಂಕಿ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರಾವಣವನ್ನು 2–8 ಡಿಗ್ರಿಯ ತಂಪುಪೆಟ್ಟಿಗೆಯಲ್ಲಿ ಒಯ್ದು, ಪ್ರತಿದಿನ ಬೆಳಿಗ್ಗೆ ಮೊದಲ ಮಗುವಿಗೆ ಮುಂಚೆ ಓದಿಸಿ ನೋಂದಾಯಿಸಿ. ದೋಣಿಯಿಂದ ಇಳಿದ ಮೇಲೆ ಇನ್ನೊಮ್ಮೆ. ಮಿತಿ ಮೀರಿದರೆ ಆ ಯಂತ್ರ ಆ ದಿನ ಕೆಲಸಕ್ಕಿಲ್ಲ. ನೂರರಲ್ಲಿ ಹತ್ತು ಮಕ್ಕಳಿಂದಾದರೂ ಅದೇ ಹೊತ್ತಿಗೆ ರಕ್ತನಾಳದಿಂದ ಅರ್ಧ ಮಿಲಿಲೀಟರ್ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಕೊಳವೆಗೆ ತೆಗೆದು, ಎಂಟು ಹತ್ತು ಸಲ ಮೆಲ್ಲಗೆ ಬುಡಮೇಲು ಮಾಡಿ, ತಂಪಿನಲ್ಲಿ ಅಟೋಲ್ ಆಸ್ಪತ್ರೆಗೆ 24 ಗಂಟೆಯೊಳಗೆ ತಲುಪಿಸಿ. ಬೆರಳಿನ ಅಂಕಿ ಎಷ್ಟು ವಾಲಿದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ. ಬಳಸಿದ ಲ್ಯಾನ್ಸೆಟ್, ಕ್ಯುವೆಟ್ ಎಲ್ಲ ಚುಚ್ಚು ವಸ್ತುಗಳ ಡಬ್ಬಿಗೆ. ಆ ಡಬ್ಬಿ ದ್ವೀಪದ ಕಸದ ರಾಶಿಗೆ ಹೋಗದೆ ನಿಮ್ಮ ಜೊತೆ ಆಸ್ಪತ್ರೆಗೆ ವಾಪಸ್ ಬರಬೇಕು.

ಯಾವ ಗಡಿ

ಹಿಂದೆ 6ರಿಂದ 59 ತಿಂಗಳ ಎಲ್ಲ ಮಕ್ಕಳಿಗೂ 11.0 ಗ್ರಾಂ ಒಂದೇ ಗಡಿ. 2024ರಿಂದ 6–23 ತಿಂಗಳಿಗೆ 10.5, 24–59 ತಿಂಗಳಿಗೆ 11.0. ಇಬ್ಬರಿಗೂ 7ಕ್ಕಿಂತ ಕಡಿಮೆಯಾದರೆ ತೀವ್ರ. ಮಧ್ಯಮ ಎನ್ನುವುದು ಚಿಕ್ಕವರಲ್ಲಿ 7.0–9.4, ದೊಡ್ಡವರಲ್ಲಿ 7.0–9.9. ಎರಡು ವರ್ಷದೊಳಗಿನವರ ಸರಾಸರಿ 10.6, ಹರಡಿಕೆ 1.1 ಇದ್ದರೆ ಹಳೆಯ ಗಡಿಯಲ್ಲಿ 64% ಬರುವುದು ಹೊಸ ಗಡಿಯಲ್ಲಿ 46%ಕ್ಕೆ ಇಳಿಯುತ್ತದೆ. ಆದ್ದರಿಂದ 2016–17ರ ಅಂಕಿಯ ಪಕ್ಕ ಹೊಸ ಅಂಕಿಯನ್ನಿಟ್ಟು "ಇಳಿಯಿತು" ಎಂದು ಬರೆಯುವ ಮುನ್ನ ಎರಡೂ ಗಡಿಯಲ್ಲಿ ಲೆಕ್ಕ ಹಾಕಿ, ಎರಡನ್ನೂ ವರದಿಯಲ್ಲಿ ಕೊಡಿ.

ಎತ್ತರದ ಊರುಗಳಲ್ಲಿ ಹಿಮೋಗ್ಲೋಬಿನ್ ಸಹಜವಾಗಿ ಹೆಚ್ಚಿರುವುದರಿಂದ ಮಾಡುವ ತಿದ್ದುಪಡಿ ಮಾಲ್ಡೀವ್ಸ್‌ಗೆ ಬೇಕಿಲ್ಲ, ದೇಶವೆಲ್ಲ ಸಮುದ್ರಮಟ್ಟದಲ್ಲೇ ಇದೆ. ಇದೇ ವಿಧಾನವನ್ನು ಕರ್ನಾಟಕಕ್ಕೆ ತರುವವರು ಮಾತ್ರ ಮರೆಯಬಾರದು. ಹೊಸ ಮಾರ್ಗಸೂಚಿಯಲ್ಲಿ 500 ಮೀಟರಿನಿಂದಲೇ ತಿದ್ದುಪಡಿ ಶುರು. 900 ಮೀಟರ್ ದಾಟಿದ ಬೆಂಗಳೂರಿಗೂ, ಸಾವಿರ ದಾಟಿದ ಮಡಿಕೇರಿಗೂ ಅದು ಅನ್ವಯ, ಮಂಗಳೂರಿಗೆ ಅಲ್ಲ.

ಕಬ್ಬಿಣಾಂಶವೋ, ಥಲಸ್ಸೇಮಿಯಾವೋ

ಹಿಮೋಕ್ಯೂ ಹೇಳುವುದು ರಕ್ತ ಕಡಿಮೆ ಇದೆ ಎಂದಷ್ಟೇ. ಥಲಸ್ಸೇಮಿಯಾ ವಾಹಕ ಮಗುವಿನ ಹಿಮೋಗ್ಲೋಬಿನ್ ಸಹಜವಾಗಿಯೇ ಒಂದೆರಡು ಗ್ರಾಂ ಕೆಳಗಿರಬಹುದು. ಎಷ್ಟು ಸಿರಪ್ ಕುಡಿಸಿದರೂ ಆ ಭಾಗ ಏರುವುದಿಲ್ಲ. ಆರರಲ್ಲಿ ಒಬ್ಬರು ವಾಹಕರಿರುವ ಕಡೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ವರ್ಷಗಟ್ಟಲೆ ನಡೆದರೂ ಪ್ರಮಾಣ ಒಂದು ಹಂತಕ್ಕಿಂತ ಕೆಳಗಿಳಿಯದು. ಆಮೇಲೆ ತಾಯಂದಿರು ಸಿರಪ್ ಕುಡಿಸಲಿಲ್ಲ ಎಂದು ದೂರುತ್ತಾರೆ. ಅದು ಆ ತಾಯಂದಿರಿಗೆ ಮಾಡುವ ಅನ್ಯಾಯ.

ಇಡಿಟಿಎ ಕೊಳವೆ ಕಳಿಸಿದ ಮಕ್ಕಳಲ್ಲಿ ಮೊದಲ ಸುಳಿವು ಅಗ್ಗವಾಗಿ ಸಿಗುತ್ತದೆ. ಯಂತ್ರದ ವರದಿಯಲ್ಲಿರುವ ಎಂಸಿವಿಯನ್ನು, ಅಂದರೆ ಕೆಂಪು ಕಣದ ಸರಾಸರಿ ಗಾತ್ರವನ್ನು, ಕೆಂಪು ಕಣಗಳ ಸಂಖ್ಯೆಯಿಂದ ಭಾಗಿಸಿ. ಎಂಸಿವಿ 62, ಕೆಂಪು ಕಣ 5.6 ಮಿಲಿಯನ್ ಇದ್ದರೆ 11. ಇದು 13ಕ್ಕಿಂತ ಕಡಿಮೆ, ವಾಹಕತ್ವದ ಕಡೆಗೆ ಬೆರಳು ತೋರುತ್ತದೆ. ಎಂಸಿವಿ 66, ಕೆಂಪು ಕಣ 4.3 ಇದ್ದರೆ 15, ಕಬ್ಬಿಣಾಂಶದ ಕೊರತೆಯ ಸಾಧ್ಯತೆ ಹೆಚ್ಚು. ಇದು ಸೋಸುವ ಜರಡಿ ಮಾತ್ರ, ರೋಗನಿರ್ಣಯವಲ್ಲ. ಖಚಿತಪಡಿಸಲು, ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಹಿಮೋಗ್ಲೋಬಿನ್ ಎ2 ನೋಡಬೇಕು. 3.5% ಮೀರಿದರೆ ಬೀಟಾ ವಾಹಕ. ವರ್ಷ ತುಂಬುವ ಮುಂಚೆ ಎ2 ಮಟ್ಟ ಪೂರ್ತಿ ಬೆಳೆದಿರುವುದಿಲ್ಲ. ಕಬ್ಬಿಣಾಂಶ ಬಹಳ ಕಡಿಮೆಯಿದ್ದರೂ ಎ2 ತಗ್ಗಿ ವಾಹಕತ್ವ ಮರೆಯಾಗಬಹುದು. ಹಾಗಾಗಿ ಸಂಶಯವಿದ್ದರೆ ಕೊರತೆ ತುಂಬಿದ ಮೇಲೆ ಮತ್ತೆ ಪರೀಕ್ಷಿಸಿ.

ಕಬ್ಬಿಣಾಂಶಕ್ಕೆ ಫೆರಿಟಿನ್, ಅಂದರೆ ದೇಹ ಕೂಡಿಟ್ಟ ಕಬ್ಬಿಣಾಂಶ ಎಷ್ಟೆಂದು ತೋರಿಸುವ ಪ್ರೋಟೀನ್. ಐದು ವರ್ಷದೊಳಗಿನವರಲ್ಲಿ ಲೀಟರಿಗೆ 12 ಮೈಕ್ರೋಗ್ರಾಂಗಿಂತ ಕಡಿಮೆ ಎಂದರೆ ಕೊರತೆ. ಜ್ವರ, ಸೋಂಕು ಇದ್ದರೆ ಫೆರಿಟಿನ್ ಸುಳ್ಳಾಗಿ ಏರುತ್ತದೆ. ಆದ್ದರಿಂದ ಜೊತೆಗೇ ಉರಿಯೂತವನ್ನು ತೋರಿಸುವ ಸಿಆರ್‌ಪಿ ಪರೀಕ್ಷೆ ಮಾಡಿಸಿ. ಅದು ಲೀಟರಿಗೆ 5 ಮಿಲಿಗ್ರಾಂ ಮೀರಿದರೆ ಫೆರಿಟಿನ್ ಗಡಿಯನ್ನು 30ಕ್ಕೆ ಏರಿಸಿ ಓದಿ. ಒಂದೇ ಮಗು ವಾಹಕವೂ ಆಗಿದ್ದು ಕಬ್ಬಿಣಾಂಶದ ಕೊರತೆಯೂ ಇರಬಹುದು. ವಾಹಕ ಎಂದ ಮಾತ್ರಕ್ಕೆ ಸಿರಪ್ ನಿಲ್ಲಿಸಬೇಡಿ, ಫೆರಿಟಿನ್ ನೋಡಿ ತೀರ್ಮಾನಿಸಿ.

ಖರ್ಚಿಲ್ಲದ ಒಂದು ದಾರಿಯೂ ಇದೆ. ಮಾಲ್ಡೀವ್ಸ್‌ನಲ್ಲಿ ಥಲಸ್ಸೇಮಿಯಾ ತಪಾಸಣೆ 1990ರ ದಶಕದಿಂದ ನಡೆಯುತ್ತಿದೆ, ಬಹಳಷ್ಟು ತಂದೆ ತಾಯಿಗಳ ಬಳಿ ತಮ್ಮ ಪರೀಕ್ಷೆಯ ಚೀಟಿ ಇರುತ್ತದೆ. ಪ್ರಶ್ನಾವಳಿಯಲ್ಲಿ ಅದನ್ನು ಕೇಳುವ ಎರಡು ಸಾಲು ಇರಲಿ. ಒಬ್ಬರು ವಾಹಕರಾದರೆ ಮಗು ವಾಹಕವಾಗುವ ಸಾಧ್ಯತೆ ಎರಡರಲ್ಲೊಂದು. ಇಬ್ಬರೂ ಆಗಿದ್ದರೆ ಕಾಯಿಲೆಯ ತೀವ್ರ ರೂಪವಾದ ಮೇಜರ್ ಥಲಸ್ಸೇಮಿಯಾ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಈ ಪ್ರಶ್ನೆಯನ್ನು ನೆರೆಹೊರೆಯವರ ಎದುರು ಕೇಳಬೇಡಿ. ಪುಟ್ಟ ದ್ವೀಪದಲ್ಲಿ ಒಂದು ಮನೆಯ ಮಾತು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗಿರುತ್ತದೆ.

ಮಲೇರಿಯಾ ಇಲ್ಲಿ ಲೆಕ್ಕಕ್ಕಿಲ್ಲ, 2015ರಲ್ಲೇ ದೇಶ ಮಲೇರಿಯಾಮುಕ್ತ ಎಂದು ಪ್ರಮಾಣೀಕೃತವಾಗಿದೆ. ಹೊಟ್ಟೆಹುಳು ಮಾತ್ರ ಕೇಳಿ: ಕೊನೆಯ ಆಲ್ಬೆಂಡಜೋಲ್ ಯಾವಾಗ ಕೊಟ್ಟರು, 12–23 ತಿಂಗಳಿಗೆ 200 ಮಿಲಿಗ್ರಾಂ, ಅದಕ್ಕೆ ಮೇಲ್ಪಟ್ಟವರಿಗೆ 400 ಸಿಕ್ಕಿದೆಯೇ.

ಊಟದ ಪ್ರಶ್ನೆ ಕೇಳುವ ರೀತಿ

"ಮಗುವಿಗೆ ಮೀನು ಕೊಡುತ್ತೀರಾ?" ಎಂದರೆ ಎಲ್ಲ ಮನೆಯಲ್ಲೂ ಹೌದು ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅಲ್ಲಿ ಟ್ಯೂನಾ ಮೀನನ್ನು ಬೇಯಿಸಿದ ತಿಳಿಸಾರು ಗರುಧಿಯಾ ದಿನನಿತ್ಯದ ಅಡುಗೆ. ಅನ್ನಕ್ಕೆ ಆ ತಿಳಿಯನ್ನಷ್ಟೇ ಕಲಸಿ ಕೂಸಿಗೆ ತಿನ್ನಿಸಿದರೂ ತಾಯಿಯ ಲೆಕ್ಕದಲ್ಲಿ ಮೀನು ಕೊಟ್ಟ ಹಾಗೆಯೇ. ಕಬ್ಬಿಣಾಂಶ ಇರುವುದು ತುಂಡಿನಲ್ಲಿ, ತಿಳಿಯಲ್ಲಿ ಅತಿ ಕಡಿಮೆ. ಆದ್ದರಿಂದ "ನಿನ್ನೆ ಬೆಳಿಗ್ಗೆಯಿಂದ ಮಲಗುವವರೆಗೆ ಮೀನಿನ ತುಂಡು ಎಷ್ಟು ಸಲ ತಿಂದಿತು, ಎಷ್ಟು ಚಮಚ?" ಎಂದು ಕೇಳಿ, ಚಮಚ ತೋರಿಸಿ ಅಳೆಯಿರಿ. ಊಟದ ಜೊತೆಗೇ ಕಪ್ಪು ಚಹಾ ಗುಟುಕು ಕೊಡುತ್ತಾರೆಯೇ ಎಂಬುದನ್ನೂ ಕೇಳಿ, ಚಹಾ ಕಬ್ಬಿಣಾಂಶ ಹೀರಿಕೆಯನ್ನು ತಡೆಯುತ್ತದೆ. ಆರು ತಿಂಗಳಿಗೆ ಮೇಲೂಟ ಶುರುವಾಯಿತೇ, ಅವಧಿಗೆ ಮುನ್ನ ಹುಟ್ಟಿದ್ದೇ, ಹುಟ್ಟುತೂಕ ಎಷ್ಟು, ಇವು ಕಾರ್ಡಿನಲ್ಲೇ ಸಿಗುತ್ತವೆ.

ಅಂಕಿ ಕೂಡಿಸುವ ಮುನ್ನ

ಫಲಿತಾಂಶಗಳ ಹರಡಿಕೆ 1.1ರಿಂದ 1.5 ಗ್ರಾಂ ನಡುವೆ ಇರಬೇಕು. 1.5 ಮೀರಿದರೆ ಅಳತೆ ಅಡ್ಡಾದಿಡ್ಡಿಯಾಗಿದೆ ಎಂದರ್ಥ. ತಂಡವಾರು ಬಿಡಿಸಿ ನೋಡಿ, ತೊಂದರೆ ಹೆಚ್ಚಾಗಿ ಒಂದೇ ತಂಡದಲ್ಲಿರುತ್ತದೆ. ದಶಾಂಶದ ನಂತರದ ಅಂಕೆಗಳನ್ನು ಎಣಿಸಿ. .0 ಮತ್ತು .5 ತುಂಬಾ ಹೆಚ್ಚಿದ್ದರೆ ಯಾರೋ ಅಂದಾಜಿನಲ್ಲಿ ಬರೆದಿದ್ದಾರೆ. ಗಡಿಯೇ 10.5, 11.0 ಆಗಿರುವಾಗ ಈ ಅಂದಾಜು ಪ್ರಮಾಣವನ್ನು ನೇರವಾಗಿ ತಿರುಚುತ್ತದೆ.

ಇನ್ನು ತೂಕ, ಅಂದರೆ ಪ್ರತಿ ಪ್ರದೇಶದ ಅಂಕಿಗೆ ಅಲ್ಲಿನ ಮಕ್ಕಳ ಪಾಲಿಗೆ ತಕ್ಕ ಬೆಲೆ ಕೊಡುವುದು. ದೇಶದ ಜನರಲ್ಲಿ ನೂರಕ್ಕೆ ಸುಮಾರು 40 ಮಂದಿ ಮಾಲೆಯಲ್ಲೇ ಇದ್ದಾರೆ. ಉದಾಹರಣೆಗೆ, ಮಾಲೆಯಲ್ಲಿ 300 ಮಕ್ಕಳಲ್ಲಿ 40%, ಅಟೋಲ್‌ಗಳಲ್ಲಿ 1200 ಮಕ್ಕಳಲ್ಲಿ 55% ಬಂತೆನ್ನಿ. ಎಲ್ಲವನ್ನೂ ಸುಮ್ಮನೆ ಕೂಡಿಸಿದರೆ 52%. ಮಕ್ಕಳ ಹಂಚಿಕೆಯೂ 40–60 ಎಂದಿಟ್ಟುಕೊಂಡು ತೂಕ ಕೊಟ್ಟರೆ 49%. ವರದಿಯಲ್ಲಿ ತೂಕ ಕೊಟ್ಟ ಅಂಕಿ, ವಿಶ್ವಾಸ ವ್ಯಾಪ್ತಿ (ನಿಜವಾದ ಪ್ರಮಾಣ ಇರಬಹುದಾದ ಕೆಳ, ಮೇಲಿನ ಮಿತಿ), ವಯೋಗುಂಪು, ಯಂತ್ರದ ಮಾದರಿ, ಬೆರಳೋ ರಕ್ತನಾಳವೋ, ಯಾವ ಗಡಿ, ಇಷ್ಟೂ ಒಂದೇ ಕೋಷ್ಟಕದಲ್ಲಿ ಇರಲಿ. ಇದರಲ್ಲಿ ಒಂದು ಬಿಟ್ಟರೂ ಮುಂದಿನವರು ಹೋಲಿಸಲಾರರು.

ಯಂತ್ರದಲ್ಲಿ 7ಕ್ಕಿಂತ ಕಡಿಮೆ ಬಂದಾಗ

ಹೊಸ ಬೆರಳು, ಹೊಸ ಕ್ಯುವೆಟ್, ತಕ್ಷಣ ಇನ್ನೊಮ್ಮೆ ಅಳೆಯಿರಿ. ಎರಡನೆಯದೂ 7ಕ್ಕಿಂತ ಕಡಿಮೆಯಿದ್ದರೆ ಅದೇ ದಿನ ಅಟೋಲ್ ಆಸ್ಪತ್ರೆಗೆ ಕಳಿಸಿ. ಏದುಸಿರು, ಮಂಪರು, ಹಾಲು ಕುಡಿಯಲಾರದಷ್ಟು ನಿತ್ರಾಣ ಇದ್ದರೆ ಸಮೀಕ್ಷೆ ನಿಲ್ಲಿಸಿ ಮೊದಲು ಸ್ಪೀಡ್‌ಬೋಟ್ ಗೊತ್ತುಮಾಡಿ. ಆರು ತಿಂಗಳಿಂದ ಎರಡು ವರ್ಷದ ಮಗುವಿಗೆ ಬಿಳಿಚಿದ ಮೈ, ಉಬ್ಬಿದ ಹೊಟ್ಟೆ, ಊದಿದ ಗುಲ್ಮ ಕಂಡರೆ ಮೊದಲ ಸಂಶಯ ಮೇಜರ್ ಥಲಸ್ಸೇಮಿಯಾ. ಪರೀಕ್ಷೆಗೆ ಬೇಕಾದ ರಕ್ತವನ್ನು ರಕ್ತ ಏರಿಸುವ ಮುನ್ನವೇ ತೆಗೆದಿಡಲು ಆಸ್ಪತ್ರೆಗೆ ಫೋನ್ ಮಾಡಿ ಹೇಳಿ. ಏರಿಸಿದ ಮೇಲೆ ತೆಗೆದರೆ ದಾನಿಯ ರಕ್ತ ಬೆರೆತು ಎಚ್‌ಪಿಎಲ್‌ಸಿ ಫಲಿತಾಂಶ ತಿಂಗಳುಗಟ್ಟಲೆ ಗೊಂದಲವಾಗುತ್ತದೆ. ಈ ಮಗುವಿಗೆ ಕಬ್ಬಿಣಾಂಶದ ಸಿರಪ್ ಕೈಗೆ ಕೊಟ್ಟು ಕಳಿಸಬೇಡಿ.

ಉಳಿದ ರಕ್ತಹೀನ ಮಕ್ಕಳಲ್ಲಿ ವೈದ್ಯರು ಸಾಮಾನ್ಯವಾಗಿ ದಿನಕ್ಕೆ ಕಿಲೋ ತೂಕಕ್ಕೆ 3 ಮಿಲಿಗ್ರಾಂ ಶುದ್ಧ ಕಬ್ಬಿಣಾಂಶ ಬರೆಯುತ್ತಾರೆ. ಸಿರಪ್ ಸೀಸೆಯ ಮೇಲೆ ಲವಣದ ತೂಕವೂ ಇರುತ್ತದೆ, ಶುದ್ಧ ಕಬ್ಬಿಣಾಂಶದ ತೂಕವೂ ಇರುತ್ತದೆ. ಮಿಲಿಲೀಟರ್ ಲೆಕ್ಕ ಹಾಕಬೇಕಾದದ್ದು ಎರಡನೆಯದರಿಂದ. ಮಲ ಕಪ್ಪಾಗುತ್ತದೆ, ಹೆದರಬೇಡಿ ಎಂದು ತಾಯಿಗೆ ಮೊದಲೇ ಹೇಳಿ, ಇಲ್ಲವಾದರೆ ಮೂರನೇ ದಿನಕ್ಕೇ ನಿಲ್ಲಿಸುತ್ತಾರೆ. ಸೀಸೆ ಮಗುವಿನ ಕೈಗೆ ಸಿಗದಂತೆ ಮೇಲಿಡಲಿ, ಒಮ್ಮೆಲೇ ಕುಡಿದರೆ ಅದು ವಿಷ. ನಾಲ್ಕು ವಾರಕ್ಕೆ ಮತ್ತೆ ಅಳೆಯಿರಿ. ಒಂದು ಗ್ರಾಂ ಏರಿದರೆ ಕೊರತೆಯೇ ಕಾರಣವಾಗಿತ್ತು, ಇನ್ನೂ ಎರಡು ತಿಂಗಳು ಮುಂದುವರಿಸಿ. ಸರಿಯಾಗಿ ಕುಡಿಸಿಯೂ ಏರದಿದ್ದರೆ ಡೋಸ್ ಹೆಚ್ಚಿಸುತ್ತಾ ಹೋಗದೆ ಎ2 ಮತ್ತು ಫೆರಿಟಿನ್ ಪರೀಕ್ಷೆಗೆ ಕಳಿಸಿ.